ಎರಡನೆಯ ಗ್ಲಾಸು

ಊಟಿಯ ಚೇರಿಂಗ್ ಕ್ರಾಸ್‌ನಿಂದ ಕಮರ್ಷಿಯಲ್ ರೋಡಿನ ಕಡೆ ನಡೆದರೆ ದೊಡ್ಡ ಹೋಟೆಲುಗಳ ಬಾಗಿಲಲ್ಲಿ ಕಪ್ಪು ಹಲಗೆ ನಿಲ್ಲಿಸಿರುತ್ತಾರೆ. ಬಣ್ಣದ ಸೀಮೆಸುಣ್ಣದಲ್ಲಿ ‘ಹ್ಯಾಪಿ ಅವರ್’ ಎಂದು ಬರೆದು, ಕೆಳಗೆ ಒಂದು ಗ್ಲಾಸು ತೆಗೆದುಕೊಂಡರೆ ಇನ್ನೊಂದು ಉಚಿತ ಎಂದಿರುತ್ತದೆ. ಆ ಹಲಗೆ ಕಂಡರೆ ನಾನು ಈಗಲೂ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಕುಡಿತದ ಮೇಲಿನ ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಯಾತರ ನಾಚಿಕೆ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳುವುದು ನನ್ನಿಂದಾಗದು. ಅಕ್ಕನ ಬಗ್ಗೆ ಹೇಳಬೇಕಾಗುತ್ತದೆ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಮಂಜೂರಿನ ದಾರಿಯಲ್ಲಿರುವ ನಮ್ಮ ಹಟ್ಟಿಯಲ್ಲಿ ಎಲ್ಲರೂ ಒಂದೇ ಕುಲದವರು. ನನಗಿಂತ ದೊಡ್ಡ ಹೆಣ್ಣುಮಕ್ಕಳೆಲ್ಲ ಅಕ್ಕಂದಿರೇ. ಇವಳು, ನಾನು ಕೆಲಸಕ್ಕೆ ಸೇರಿದ ಊಟಿಯ ಇನ್ಶೂರೆನ್ಸ್ ಆಫೀಸಿನಲ್ಲಿ ನನಗಿಂತ ಬಹಳ ಮೊದಲೇ ಇದ್ದವಳು. ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಗಂಡನ ಜೊತೆ ಹೊಂದಲಿಲ್ಲವೆಂದು ಚಿಕ್ಕ ವಯಸ್ಸಿನಲ್ಲೇ ತವರಿಗೆ ಮರಳಿದ್ದಳು. ನಮ್ಮಲ್ಲಿ ಅದೇನು ದೊಡ್ಡ ಅಪರಾಧವಲ್ಲ. ಆದರೆ ತಾಯಿ ಹೋದ ಮೇಲೆ ತವರುಮನೆ ತಮ್ಮನ ಮನೆಯಾಯಿತು, ತಮ್ಮನಿಗಿಂತ ಹೆಚ್ಚಾಗಿ ತಮ್ಮನ ಹೆಂಡತಿಯ ಮನೆಯಾಯಿತು. ಹಿಂಬದಿಯ ಒಂದು ಕೋಣೆ ಅಕ್ಕನಿಗೆ ಉಳಿಯಿತು.

“ಎನ್ನ ಹೆಸರು ನೆಟ್ಟಗೆ ಇರೋವರೆಗೆ ಈ ಕೋಣೆ. ಹೆಸರು ವಾಲಿತೋ, ಪೆಟ್ಟಿಗೆ ಹೊರಗೆ” ಎಂದು ಅವಳು ಬಸ್ಸಿನಲ್ಲಿ ನಗುತ್ತಲೇ ಹೇಳುತ್ತಿದ್ದಳು. ನಗುತ್ತಿದ್ದಳೇ ಹೊರತು ಅದು ತಮಾಷೆಯ ಮಾತಾಗಿರಲಿಲ್ಲ.

ಇಂಥವಳಿಗೆ ಹ್ಯಾಪಿ ಅವರಿನ ಹುಚ್ಚು ಎಲ್ಲಿಂದ ಹತ್ತಿತೋ ನಮ್ಮ ಕುಲದೇವತೆ ಹೆತ್ತೆಗೇ ಗೊತ್ತು! ಊಟಿಯಲ್ಲಿ ಯಾವ ಹೋಟೆಲಿನಲ್ಲಿ ಯಾವ ದಿನ ಏನು ಅಗ್ಗ ಎಂಬುದು ಅವಳ ನಾಲಗೆಯ ತುದಿಯಲ್ಲಿರುತ್ತಿತ್ತು. ಆಫೀಸಿನ ಫೋನಿನಿಂದಲೇ ಹೋಟೆಲುಗಳಿಗೆ ಕರೆ ಮಾಡುವಳು, ಅದೂ ಎದುರು ಗುಡ್ಡಕ್ಕೆ ಕೇಳುವಂತೆ. “ಹಲೋ, ಇವತ್ತು ಮಂಗಳವಾರ ಅಲ್ಲವಾ, ಒಂದಕ್ಕೊಂದು ಉಂಟಾ? ಜೊತೆಗೆ ಗೋಬಿ ಕೊಡುತ್ತೀರಾ, ಬರೀ ಕಡಲೆಕಾಯಿಯಾ?” ಪಾಲಿಸಿಯ ಕಂತು ಕಟ್ಟಲು ಸಾಲಿನಲ್ಲಿ ನಿಂತವರು ತಿರುಗಿ ನೋಡುವರು. ನಾನು ಕಂಪ್ಯೂಟರಿನ ಹಿಂದೆ ಮುಖ ಅಡಗಿಸುವೆ. ಫೋನು ಇಟ್ಟು ಇಡೀ ಆಫೀಸಿಗೆ ವರದಿ ಒಪ್ಪಿಸುವಳು. ಕೊಯಮತ್ತೂರಿನಿಂದ ಬಂದ ನಮ್ಮ ಮ್ಯಾನೇಜರ್ ಕೂಡ ಹೊರಗೆ ಗಂಭೀರವಾಗಿದ್ದು, ಸಂಜೆ ಮೆಲ್ಲಗೆ ಅವಳ ಮೇಜಿನ ಹತ್ತಿರ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಅವಳದೊಂದು ಸಿದ್ಧಾಂತವಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಊಟಿ ನಮ್ಮದಲ್ಲ. ಬೆಟ್ಟ ಹತ್ತಿ ಬಂದ ಕಾರುಗಳದ್ದು. ಆಗ ಹೋಟೆಲಿನವರು ನಮ್ಮ ಮುಖವನ್ನೂ ನೋಡುವುದಿಲ್ಲ. ಜೂನಿನ ಮಳೆ ಹಿಡಿದು ಕಾರುಗಳೆಲ್ಲ ಇಳಿದುಹೋದ ಮೇಲೆ ಆ ಕಪ್ಪು ಹಲಗೆಗಳು ಹೊರಗೆ ಬರುತ್ತವೆ, ಬಾಗಿಲು ಕಾಯುವವನು ನಮಗೂ ಸಲಾಮು ಹೊಡೆಯುತ್ತಾನೆ. “ನಂಗ ಊರಲ್ಲಿ ನಂಗ ರಾಜರಾಗಿ ಕೂರೋದು ಮಳೆಗಾಲದ ಸಂಜೆ ನಾಲ್ಕರಿಂದ ಆರು ಮಾತ್ರ. ಅದನ್ನೂ ಬಿಡೋದಾ?” ಎನ್ನುವಳು. ನಮ್ಮ ಮಾತಿನಲ್ಲಿ ನಂಗ ಎಂದರೆ ನಾವು, ನಮ್ಮ. ನಮ್ಮ ಕಡೆಗೆ ಹೋಗುವ ಬಸ್ಸೂ ಆರು ಕಳೆದ ಕೂಡಲೇ ಒಂದಿತ್ತು, ತಡವಾಗುತ್ತದೆಂಬ ನೆವವೂ ನನಗೆ ಸಿಗದ್ದು ದುರದೃಷ್ಟ.

ನನ್ನನ್ನು ಏಕೆ ಕರೆದಳು ಎಂದರೆ, ಪ್ರೀತಿಯಿಂದ ಎಂದು ನಾನು ಮೊದಲು ತಿಳಿದಿದ್ದೆ. ಅವಳು ಬಾಯಿಬಿಟ್ಟು ಹೇಳಿದಳು: “ಎನಗೆ ಒಂದೇ ಗ್ಲಾಸು ಸಾಕು. ಎರಡನೆಯದ ಚೆಲ್ಲೋಕೆ ಆಗುತ್ತದಾ? ಅದಕ್ಕೊಂದು ಆಳು ಬೇಕು. ನೀ ಬಾ.” ಹೀಗೆ ನಾನು ಎರಡನೆಯ ಗ್ಲಾಸಿಗೆ ನೇಮಕಗೊಂಡೆ.

ಮೊದಲ ದಿನ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸೀರೆಯ ಮೇಲೆ ಗುಂಡಿ ಕಿತ್ತ ಮರೂನ್ ಸ್ವೆಟರು, ಕೈಯಲ್ಲಿ ನೀರು ತೊಟ್ಟಿಕ್ಕುವ ಕೊಡೆ, ಹೆಗಲಲ್ಲಿ ಊಟದ ಡಬ್ಬಿಯ ಚೀಲ. ಆ ವೇಷದಲ್ಲಿ ಬಾಗಿಲಲ್ಲಿ ನಿಂತು, ಟೋಪಿ ಹಾಕಿದ ಕಾವಲುಗಾರನನ್ನು ಕೇಳಿದಳು: “ತಂಬಿ, ಬೋರ್ಡಿನಲ್ಲಿ ಬರೆದಿರೋದು ನಂಗಗೂ ಉಂಟಾ, ಟೂರಿಸ್ಟಿಗೆ ಮಾತ್ರವಾ?” ಅವನು “ವಾಂಗಮ್ಮಾ, ಎಲ್ಲಾರುಕ್ಕುಂ ಉಂಡು” ಎಂದು, ಎಲ್ಲರಿಗೂ ಉಂಟೆಂಬುದನ್ನು ತಮಿಳಿನಲ್ಲಿ ಹೇಳಿ ಬಾಗಿಲು ತೆರೆದ. ಒಳಗಿನವನು ಅಷ್ಟು ಒಳ್ಳೆಯವನಲ್ಲ. ನಮ್ಮನ್ನು ಅಳೆದು ನೋಡಿ, ಕೈತೊಳೆಯುವ ಜಾಗದ ಪಕ್ಕದ ಮೇಜು ತೋರಿಸಿದ. ಅಕ್ಕ ಕೂರಲಿಲ್ಲ. “ಕಿಟಕಿ ಹತ್ತಿರ ಅಷ್ಟು ಮೇಜು ಖಾಲಿ ಉಂಟಲ್ಲ. ಅಲ್ಲಿ ಕೂತರೆ ಗ್ಲಾಸು ಸಣ್ಣದಾಗುತ್ತದಾ?” ಎಂದು ತಾನೇ ಹೋಗಿ, ಬೆಂಕಿ ಉರಿಯುವ ಗೂಡಿಗೂ ಕಿಟಕಿಗೂ ನಡುವೆ ಕುಳಿತಳು. ನನಗೋ, ಹಾಸಿದ ಜಮಖಾನೆಯ ಕೆಳಗೆ ಹೋಗಿ ಮಲಗಿಬಿಡೋಣ ಅನ್ನಿಸಿತು.

ಅಲ್ಲಿಗೇ ಮುಗಿಯಿತೇ? ಕೊಟ್ಟ ಮಸಾಲೆ ಕಡಲೆಕಾಯಿ ಮುಗಿದರೆ ಮತ್ತೊಮ್ಮೆ ಕೇಳುವಳು, ಮತ್ತೊಮ್ಮೆ ಬಂದದ್ದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ತಮ್ಮನ ಮಕ್ಕಳಿಗೆಂದು ಚೀಲಕ್ಕೆ ಹಾಕುವಳು. ಹೋಟೆಲಿನ ಗಡಿಯಾರ ಮುಂದೆ ಓಡುತ್ತದೆಂದು ಅನುಮಾನ; ತನ್ನ ವಾಚನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಂಡು, ಸರ್ವರನಿಗೆ ತೋರಿಸಿಯೇ ಆರ್ಡರ್ ಹೇಳುವಳು. ಬಿಯರಿನ ಮೊದಲ ಗುಟುಕಿಗೆ ಕಣ್ಣು ಮುಚ್ಚಿ, “ನಂಗ ಫ್ಯಾಕ್ಟರಿಯ ಕಡೇ ದರ್ಜೆಯ ಟೀ ಇದಕ್ಕಿಂತ ಕಹಿ” ಎನ್ನುವಳು. ಆಮೇಲೆ ಬೆಂಕಿಯ ಕಡೆ ಕಾಲು ಚಾಚಿ, ಮಾತಿಲ್ಲದೆ ಕಿಟಕಿಯ ಮಂಜನ್ನು ನೋಡುತ್ತ ಕೂರುವಳು. ತಮ್ಮನ ಮನೆಯಲ್ಲಿ ಅವಳು ಹಾಗೆ ಕಾಲು ಚಾಚಿ ಕೂತದ್ದನ್ನು ನಾನು ಕಂಡಿಲ್ಲ. ಹೊರಡುವ ಮೊದಲು ಇಬ್ಬರ ಸೆರಗಿಗೂ ನೀಲಗಿರಿ ಎಣ್ಣೆಯ ಎರಡು ಹನಿ ಬೀಳುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ಮೂಗೆತ್ತಿದರೆ, “ಶೀತ” ಎಂದು ಕೆಮ್ಮುವಳು. ಕೆಮ್ಮಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುವಳು, ಅಯ್ಯೋ, ಅವಳ ಧೈರ್ಯವೇ!

ನಾನು ಯಾವಾಗಲೂ ಅವಳಿಗಿಂತ ಮೊದಲೇ ಎದ್ದು, ಸ್ವಲ್ಪ ಮುಂದೆ ಮುಂದೆ ನಡೆದು ಬಸ್‌ಸ್ಟ್ಯಾಂಡ್ ಸೇರುತ್ತಿದ್ದೆ, ಜೊತೆಯಲ್ಲಿ ಬಂದದ್ದು ಕಾಣಬಾರದೆಂದು. ಅವಳಿಗೆ ಅದು ಗೊತ್ತಿತ್ತು. ಬೇಸರ ಮಾಡಿಕೊಳ್ಳಲಿಲ್ಲ.

ಇಲ್ಲಿ ಹಟ್ಟಿಯ ಕಟ್ಟಳೆಯ ಮಾತು ಹೇಳಬೇಕು. ಹಿಂದೆ ನಮ್ಮ ಹುಡುಗರು ಕುಡಿದು ಟೀ ಗಿಡಗಳ ನಡುವೆ ಬಿದ್ದಿರುತ್ತಿದ್ದರು. ಬೆಳಿಗ್ಗೆ ಎಲೆ ಕೀಳಲು ಹೋದ ಹೆಂಗಸರು ಅವರನ್ನು ಎಬ್ಬಿಸಿ ಮನೆಗೆ ಕರೆತರಬೇಕಾಗಿತ್ತು. ಒಬ್ಬ ಹುಡುಗ ಏಳಲೇ ಇಲ್ಲ. ಆಗ ಹೆಂಗಸರನ್ನೆಲ್ಲ ಕಟ್ಟಿಕೊಂಡು ನ್ಯಾಯ ಹೇಳುವ ಹಿರಿಯರ ಕೂಟದ ಮುಂದೆ ಹೋಗಿ, ಹಟ್ಟಿಯಲ್ಲಿ ಕುಡಿತ ನಿಲ್ಲಬೇಕೆಂದು ಹಟ ಹಿಡಿದವಳು ಇದೇ ಅಕ್ಕ. ಹಟ್ಟಿಯ ಗೌಡರು ಗುಡಿಯ ಮುಂದೆ ದೀಪ ಮುಟ್ಟಿ ಕಟ್ಟಳೆ ಮಾಡಿದರು. ಗೌಡರೆಂದರೆ ನನ್ನ ಅಪ್ಪ. ಅಂದಿನಿಂದ ಹಟ್ಟಿ ಶುದ್ಧವಾಯಿತು, ಸುಳ್ಳಲ್ಲ. “ಮತ್ತೆ ನೀನೇ ಹೀಗೆ?” ಎಂದು ಒಮ್ಮೆ ಕೇಳಿದ್ದೆ. “ಕಟ್ಟಳೆ ಹಟ್ಟಿ ಗಡಿಯ ಒಳಗೆ. ಊಟಿಯ ಹೋಟೆಲು ಹಟ್ಟಿಯಾ?” ಎಂದಳು. ಅವಳ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ಕೂಟದವರ ಲೆಕ್ಕ ಬೇರೆ ಎಂದು ಆಮೇಲೆ ತಿಳಿಯಿತು.

ಒಂದು ಜುಲೈ ಸಂಜೆ. ಹೊರಗೆ ಕಣ್ಣು ಕಾಣದ ಮಂಜು, ಒಳಗೆ ಬೆಂಕಿ. ಇಬ್ಬರ ಮುಂದೆಯೂ ಗ್ಲಾಸುಗಳು ಬಂದಿದ್ದವು. ಅಕ್ಕ ಮಾತು ನಿಲ್ಲಿಸಿ ನನ್ನ ಕೈ ಹಿಡಿದಳು. “ತಿರುಗಬೇಡ” ಎಂದಳು. ತಿರುಗಬೇಡ ಎಂದರೆ ಯಾರು ತಾನೇ ತಿರುಗುವುದಿಲ್ಲ? ಕಂಬದ ಹಿಂದಿನ ಮೇಜಿನಲ್ಲಿ ಅಪ್ಪ ಕುಳಿತಿದ್ದರು. ಟೀ ಹಸಿರೆಲೆಯ ಬೆಲೆಯ ವಿಷಯಕ್ಕೆ ಕಲೆಕ್ಟರ್ ಆಫೀಸಿಗೆ ಎಂದು ಬೆಳಿಗ್ಗೆ ಮನೆಯಿಂದ ಹೊರಟವರು. ತಲೆಯ ಬಿಳಿ ಪೇಟವನ್ನು ಬಿಚ್ಚಿ ಪಕ್ಕದ ಕುರ್ಚಿಯ ಮೇಲೆ ಇಟ್ಟಿದ್ದರು. ಅಪ್ಪನ ಬರಿದಲೆಯನ್ನು ಮನೆಯ ಹೊರಗೆ ನಾನು ಕಂಡದ್ದು ಅದೇ ಮೊದಲು. ಅವರ ಮುಂದೆಯೂ ಎರಡು ಗ್ಲಾಸು. ಎದುರಿನ ಕುರ್ಚಿ ಖಾಲಿ. ಅವರೂ ನಮ್ಮನ್ನು ನೋಡಿದರು. ನೋಡಿ, ಗೋಡೆಯ ಮೇಲಿನ ಹಳೆಯ ಬೇಟೆಯ ಚಿತ್ರದ ಕಡೆಗೆ ಮುಖ ತಿರುಗಿಸಿಕೊಂಡರು.

“ಜೊತೆಗೆ ಒಂದು ಆಳೂ ಇಲ್ಲೆ ನೋಡು” ಎಂದು ಅಕ್ಕ ಮೆಲ್ಲಗೆ ಹೇಳಿದಳು. ಅವಳ ದನಿಯಲ್ಲಿ ಹಂಗಿಸುವಿಕೆ ಇರಲಿಲ್ಲ. ನಾವು ಗ್ಲಾಸು ಹಾಗೇ ಬಿಟ್ಟು ಎದ್ದೆವು. ಅವತ್ತು ರಾತ್ರಿ ಊಟಕ್ಕೆ ಕೂತು ಅಪ್ಪ ಅವ್ವೆಗೆ ಸಾರಿನಲ್ಲಿ ಉಪ್ಪು ಕಡಿಮೆ ಎಂದಷ್ಟೇ ಹೇಳಿದರು.

ಹೆಚ್ಚು ದಿನ ಕಳೆಯಲಿಲ್ಲ, ಸುದ್ದಿ ಹಟ್ಟಿಗೆ ಬಂತು. ಟೂರಿಸ್ಟ್ ಟ್ಯಾಕ್ಸಿ ಓಡಿಸುವ ನಮ್ಮವನೊಬ್ಬ ಅದೇ ಸಂಜೆ ಹೋಟೆಲಿನ ಎದುರು ಗಾಡಿ ನಿಲ್ಲಿಸಿಕೊಂಡಿದ್ದಾಗ, ಅಕ್ಕ ಬಾರಿನ ಬಾಗಿಲಿನಿಂದ ಹೊರಬಂದದ್ದನ್ನು ಕಂಡಿದ್ದ. ನಾನು ಯಥಾಪ್ರಕಾರ ಮುಂದೆ ನಡೆದುಹೋಗಿದ್ದೆ. ಅಪ್ಪ ಇನ್ನೂ ಒಳಗೇ ಇದ್ದರು. ಹಾಗಾಗಿ ಸಿಕ್ಕಿಬಿದ್ದದ್ದು ಅವಳೊಬ್ಬಳೇ. ಭಾನುವಾರ ಕೂಟ ಕರೆದರು.

ಹಿಂದಿನ ದಿನ ಬಸ್ಸಿನಲ್ಲಿ ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ. “ಅಪ್ಪನೂ ಅಲ್ಲಿದ್ದರು ಅಂತ ಎಲ್ಲರ ಮುಂದೆ ಹೇಳಿಬಿಡುತ್ತೇನೆ” ಎಂದೆ.

“ಹುಚ್ಚು ಹೆಣ್ಣೇ, ಬಾಯಿ ಮುಚ್ಚು” ಎಂದಳು ಅಕ್ಕ. “ನಿನ್ನಪ್ಪ ಬಿದ್ದರೆ ಕಟ್ಟಳೆಯೂ ಬೀಳುತ್ತದೆ. ಗೌಡರೇ ಕುಡಿಯುತ್ತಾರೆ, ನಂಗಗೆ ಏನ ಅಂತ ಹುಡುಗರು ನಾಳೆಯೇ ಶುರು ಮಾಡುತ್ತಾರೆ. ಮತ್ತೆ ಟೀ ಗಿಡದಲ್ಲಿ ಯಾರನ್ನು ಎಬ್ಬಿಸೋದು? ಆ ಕಟ್ಟಳೆ ನಾ ಕೇಳಿ ತಂದದ್ದು.”

“ಕೋಣೆ ಹೋದರೆ?”

ಅವಳು ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿದಳು. “ಅದೇ ಭಯ ಎನಗೂ” ಎಂದಳು.

ಗುಡಿಯ ಮುಂದಿನ ಹುಲ್ಲಿನ ಮೇಲೆ ಗಂಡಸರು ಸುತ್ತ ಕುಳಿತಿದ್ದರು. ಕಲ್ಲುಕಟ್ಟೆಯ ಮೇಲೆ ಅಪ್ಪ, ತಲೆಗೆ ಪೇಟ ಸುತ್ತಿಕೊಂಡು. ಕೂಟ ಕರೆಯದೆ ಹೆಂಗಸರು ಕಟ್ಟೆಯ ಹತ್ತಿರ ಹೋಗುವ ಹಾಗಿಲ್ಲ. ಸಾಲುಮನೆಗಳ ಜಗಲಿಯ ಮೇಲೆ ನಿಂತಿದ್ದೆವು. ಅಕ್ಕ ಒಬ್ಬಳೇ ಕೂಟದ ನಡುವೆ ನಿಂತಿದ್ದಳು, ಅದೇ ಮರೂನ್ ಸ್ವೆಟರು. ಅವಳ ತಮ್ಮ ಮೊದಲೇ ಎದ್ದು, ಕೂಟ ಅವಳನ್ನು ಬೇಡವೆಂದರೆ ಇವತ್ತೇ ಕೋಣೆ ಖಾಲಿ ಮಾಡಿಸುತ್ತೇನೆ ಎಂದು ಹೇಳಿ ಕೂತ. ಅವನ ಹೆಂಡತಿ ನನ್ನ ಪಕ್ಕದಲ್ಲೇ ಇದ್ದಳು. ಅವಳ ಕಣ್ಣು ಆಗಲೇ ಹಿಂಬದಿಯ ಕೋಣೆಯ ಕಡೆ ಹೋಗಿತ್ತು.

“ಹೋದದ್ದು ನಿಜವಾ?” ಎಂದು ಅಪ್ಪ ಕೇಳಿದರು. ಕೇಳುವಾಗ ಅವಳ ಕಾಲಿನ ಹತ್ತಿರದ ಹುಲ್ಲನ್ನು ನೋಡುತ್ತಿದ್ದರು.

“ನಿಜ.”

“ಕುಡಿದದ್ದು?”

“ಕುಡಿದೆ ಗೌಡರೇ.”

ಮುದುಕರೊಬ್ಬರು ಎದ್ದರು. “ಆ ಹೊತ್ತಿನಲ್ಲಿ ಒಂದಕ್ಕೆ ಎರಡು ಗ್ಲಾಸು ಕೊಡುತ್ತಾರೆ ಅಲ್ಲವಾ? ಎರಡನೆಯದ ಯಾರು ಕುಡಿದರು?” ಎಂದರು. ಈ ವಿವರ ಅವರಿಗೆ ಹೇಗೆ ಗೊತ್ತು ಎಂದು ಯಾರಿಗೂ ಹೊಳೆಯದೆ ಇರಲಿಲ್ಲ. ಜಗಲಿಯ ಮೇಲೆ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮುದುಕರು ಕೆಮ್ಮುತ್ತ ಕುಳಿತರು. ಆದರೆ ಕೇಳಿದ ಪ್ರಶ್ನೆ ಹಾಗೇ ನಿಂತಿತ್ತು.

“ಎರಡೂ ನಾನೇ ಕುಡಿದೆ” ಎಂದಳು ಅಕ್ಕ.

ನನಗೆ ತಡೆಯಲಾಗಲಿಲ್ಲ. “ಸುಳ್ಳು! ಎರಡನೆಯದು ನನ್ನದು” ಎಂದು ಜಗಲಿಯಿಂದಲೇ ಕೂಗಿದೆ. ಅವ್ವೆ ನನ್ನ ತೋಳು ಚಿವುಟಿದಳು. ಎಲ್ಲರೂ ತಿರುಗಿ ನೋಡಿದರು. ಅಕ್ಕ ಮಾತ್ರ ತಿರುಗಲಿಲ್ಲ. ಕೂಟದ ಕಡೆಗೇ ಮುಖ ಮಾಡಿಕೊಂಡು ನಕ್ಕಳು. “ಕೂಸು ಎನ್ನ ಮೇಲಿನ ಅಕ್ಕರೆಗೆ ಹೇಳುತ್ತದೆ. ಅದಕ್ಕೆ ಬಿಯರಿನ ಬಣ್ಣವೂ ಗೊತ್ತು ಇಲ್ಲೆ” ಎಂದಳು.

ಅಪ್ಪನಿಗೆ ಗೊತ್ತಿತ್ತು. ನನ್ನ ಮುಂದಿನ ಗ್ಲಾಸನ್ನು ಅವರೇ ಕಣ್ಣಾರೆ ಕಂಡಿದ್ದರು. ಈಗಲಾದರೂ ಏನಾದರೂ ಅಂದಾರು ಎಂದು ನಾನು ಕಾದೆ. ಒಂದು ಕೆಮ್ಮು, ಒಂದು ಹೂಂಕಾರ, ಏನಾದರೂ. “ಹೆಣ್ಣುಗಳ ಮಾತು ಸಾಕು” ಎಂದರು ಅಪ್ಪ. ಆ ಕಟ್ಟೆಯ ಮೇಲೆ ಕುಳಿತವರು ನನ್ನ ಅಪ್ಪ ಎಂಬುದಕ್ಕೆ ಅವತ್ತು ನನಗೆ ಆದ ನಾಚಿಕೆಯನ್ನು ಏನೆಂದು ಹೇಳಲಿ. ಅವತ್ತು ಬೆಳಿಗ್ಗೆ ನಾನು ಅವರು ಕೈಯಾರೆ ಕೊಟ್ಟ ಟೀಯನ್ನೇ ಕುಡಿದಿದ್ದೆ.

ಅಕ್ಕ ಹುಲ್ಲಿನ ಮೇಲೆ ಅಡ್ಡಬಿದ್ದಳು. ಇನ್ನು ಹೋಗುವುದಿಲ್ಲ ಎಂದು ಮಾತು ಕೊಟ್ಟಳು. ನಮ್ಮಲ್ಲಿ ಚಿಕ್ಕವರು ತಲೆ ಬಗ್ಗಿಸಿದರೆ ದೊಡ್ಡವರು ತಲೆಯ ಮೇಲೆ ಕೈ ಇಟ್ಟು ಹರಸಬೇಕು. ತಪ್ಪು ಕ್ಷಮಿಸಿದ್ದಕ್ಕೂ ಅದೇ ಗುರುತು. ಅವಳು ಕಟ್ಟೆಯ ಹತ್ತಿರ ಬಂದು ತಲೆ ಬಗ್ಗಿಸಿ ನಿಂತಳು. ಅಪ್ಪನ ಕೈ ಮೇಲೇಳಲು ತಡವಾಯಿತು. ಕೊನೆಗೆ ಎದ್ದಿತು. “ಬದುಕು, ಬದುಕು” ಎಂದರು. ಅಷ್ಟರಿಂದ ಅವಳ ಕೋಣೆ ಉಳಿಯಿತು.

ಕೊಟ್ಟ ಮಾತನ್ನು ಅವಳು ಮುರಿಯಲಿಲ್ಲ. ಆದರೆ ಹಲಗೆ ಓದುವುದನ್ನು ಬಿಟ್ಟಳೇ? ಇಲ್ಲ. ಆಫೀಸಿನವರಿಗೆಲ್ಲ ಮೊದಲಿನಂತೆಯೇ ಫೋನು ಮಾಡಿ ವಿಚಾರಿಸಿ ಕೊಡುವಳು. ಹುಟ್ಟುಹಬ್ಬ, ಬಡ್ತಿ, ವರ್ಗ ಯಾವುದಿದ್ದರೂ ಎಲ್ಲಿಗೆ ಹೋದರೆ ಲಾಭ ಎಂದು ಅವಳನ್ನೇ ಕೇಳುವರು. “ಕಿಟಕಿ ಹತ್ತಿರದ ಮೇಜು ಕೇಳಿ. ಕೊಡದಿದ್ದರೆ ಎದ್ದು ಬನ್ನಿ” ಎಂದು ಹೇಳಿ ಕಳಿಸಿ, ತಾನು ಮೊದಲ ಬಸ್ಸಿಗೆ ಹೊರಡುವಳು. ಎರಡನೆಯ ಗ್ಲಾಸಿನ ಕೆಲಸ ಹೋದ ಮೇಲೆ ನಾನೂ ಅವಳ ಜೊತೆಗೇ ಹೊರಡುತ್ತಿದ್ದೆ. ಈಗ ಮುಂದೆ ಮುಂದೆ ನಡೆಯುತ್ತಿರಲಿಲ್ಲ. ನಿವೃತ್ತಿಯಾದ ದಿನ ಆಫೀಸಿನವರು ಅವಳನ್ನು ಒಂದು ಹೋಟೆಲಿಗೆ ಕರೆದರೆ, “ಎನಗೆ ಪಾರ್ಸೆಲ್ ತನ್ನಿ, ಗೋಬಿ ಮಾತ್ರ” ಎಂದು ನಕ್ಕು ಹೊರಟುಬಂದಳು.

ಅಪ್ಪನೋ, ಹಸಿರೆಲೆಯ ಬೆಲೆಗೆಂದು ಕಲೆಕ್ಟರ್ ಆಫೀಸಿಗೆ ಹೋಗುತ್ತಲೇ ಇದ್ದರು. ಅವರ ಶಾಲಿನಿಂದಲೂ ನೀಲಗಿರಿ ಎಣ್ಣೆಯ ವಾಸನೆ ಬರುತ್ತಿತ್ತು. ಅವ್ವೆ ಶೀತಕ್ಕೆ ಕಷಾಯ ಮಾಡಿ ಕೊಡುತ್ತಿದ್ದಳು. ಅಪ್ಪ ಅದನ್ನೂ ಕುಡಿಯುತ್ತಿದ್ದರು.

ಹಿಂಬದಿಯ ಆ ಕೋಣೆಯಲ್ಲೇ, ಮಧ್ಯಾಹ್ನದ ಊಟ ಮಾಡಿ ಮಲಗಿದ್ದವಳು ಮತ್ತೆ ಏಳಲಿಲ್ಲ.

ನಮ್ಮಲ್ಲಿ ಹೆಣವನ್ನು ಕಳಿಸುವ ಮುಂಚೆ ಹಿರಿಯರೊಬ್ಬರು ತಲೆಯ ಬಳಿ ನಿಂತು ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಸತ್ತವರು ಮಾಡಿದ್ದೇ ಆಗಬೇಕೆಂದಿಲ್ಲ. ಇಡೀ ಕುಲದ ತಪ್ಪುಗಳೆಲ್ಲ ಅವರ ಹೆಸರಿನಲ್ಲೇ ಬರುತ್ತವೆ. ಹಾವನ್ನು ಕೊಂದದ್ದು, ಗಡಿಕಲ್ಲು ಸರಿಸಿದ್ದು, ದಾರಿ ಕೇಳಿದವರಿಗೆ ತಪ್ಪು ದಾರಿ ತೋರಿಸಿದ್ದು. ಪ್ರತಿಯೊಂದಕ್ಕೂ ಸುತ್ತ ನಿಂತವರು ಒಂದೇ ದನಿಯಲ್ಲಿ “ಪಾಪ” ಎನ್ನುತ್ತಾರೆ. ಹಾಗೆ ಹೇಳಿ ಮುಗಿಸಿದರೆ ಭಾರ ಕಳೆದು ಜೀವ ಹಗುರಾಗಿ ಹೋಗುತ್ತದೆಂದು ನಂಬಿಕೆ. ಅದನ್ನು ಪೂರ್ತಿ ಬಲ್ಲವರು ಹಟ್ಟಿಯಲ್ಲಿ ಈಗ ಅಪ್ಪ ಒಬ್ಬರೇ.

ಅಪ್ಪ ಕೋಲೂರಿಕೊಂಡು ಬಂದು ನಿಂತರು. ಅಕ್ಕನ ಮುಖಕ್ಕೆ ಬಿಸಿಲು ಬೀಳುತ್ತಿತ್ತು. ಅಪ್ಪ ಹೇಳುತ್ತಾ ಹೋದರು, ಜನ “ಪಾಪ” ಎನ್ನುತ್ತಾ ಹೋದರು. ಎಲ್ಲ ನನಗೆ ಬಾಯಿಪಾಠವಾಗಿದ್ದ ಪಾಪಗಳೇ. ಇನ್ನೇನು ಮುಗಿಯಿತು ಅನ್ನುವಾಗ ಅಪ್ಪ ನಿಂತರು. ಪೇಟವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ, ನಾನು ಯಾವ ಸಾವಿನಲ್ಲೂ ಕೇಳದ ಮಾತನ್ನು ಹೇಳಿದರು:

“ಇವಳು ನ್ಯಾಯದ ಕಟ್ಟೆ ಮೇಲೆ ಕುಳಿತು, ತನ್ನ ತಪ್ಪ ಮುಚ್ಚಿಕೊಂಡು, ಇನ್ನೊಬ್ಬರ ತಲೆ ಬಗ್ಗಿಸಿದ್ದರೆ.”

“ಪಾಪ” ಎಂದರು ಜನ. ರೂಢಿಯ ದನಿ, ಯಾರೂ ತಲೆಯೆತ್ತಲಿಲ್ಲ. ಆ ಕಟ್ಟೆಯ ಮೇಲೆ ಅಕ್ಕ ಒಂದು ದಿನವೂ ಕುಳಿತವಳಲ್ಲ. ನಮ್ಮ ಹಟ್ಟಿಯಲ್ಲಿ ಯಾವ ಹೆಂಗಸೂ ಕುಳಿತಿಲ್ಲ. ಅಪ್ಪನ ಗಡ್ಡ ಒದ್ದೆಯಾಗಿತ್ತು. ನನಗೆ ಒಂದು ಕ್ಷಣ ಎದೆ ಕರಗಿತು. ಮರುಕ್ಷಣವೇ ಉರಿದುಹೋಯಿತು. ಬದುಕಿದ್ದಾಗ ಅವಳು ಹೊತ್ತದ್ದು ಸಾಲದೆಂದು, ಹೋಗುವಾಗಲೂ ಇದನ್ನೊಂದು ತಲೆಯ ಮೇಲೆ ಇಟ್ಟು ಕಳಿಸುತ್ತಿದ್ದಾರಲ್ಲ!

ಮಣ್ಣು ಮಾಡಿ ಹಿಂತಿರುಗಿ ಬರುವಾಗ ನಾನೂ ಅಪ್ಪನೂ ಕೊನೆಗೆ ಉಳಿದೆವು. ಟೀ ಗಿಡಗಳ ನಡುವಿನ ಕಾಲುದಾರಿ. ನಾನು ಕೇಳಿಯೇಬಿಟ್ಟೆ: “ಅಪ್ಪ, ಆ ಒಂದು ಪಾಪವ ನಿಂಗ ಹೆಸರಲ್ಲೇ ಹೇಳಬಹುದಿತ್ತಲ್ಲ?”

ಅಪ್ಪ ಕೋಲಿನಿಂದ ನೆಲ ತಡವುತ್ತಾ ನಡೆದರು. ಆಮೇಲೆ ಹೇಳಿದರು:

“ಬದುಕಿರೋರ ಹೆಸರಲ್ಲಿ ಹೇಳೋ ಕಟ್ಟಳೆ ಇಲ್ಲೆ, ಕೂಸು.”

ಮುಂದೆ ಇಳಿಜಾರು ಬಂತು. ಅಪ್ಪ ನಿಂತು, ಹಿಡಿದುಕೊಳ್ಳಲು ನನ್ನ ಕಡೆಗೆ ಕೈ ಚಾಚಿದರು. ಅಕ್ಕನ ತಲೆಯ ಮೇಲೆ ಇಟ್ಟಿದ್ದ ಕೈ. ಹಿಡಿಯದೆ ಇದ್ದರೆ ಬೀಳುವರು. ನಾನು ಹಿಡಿದುಕೊಂಡು ಇಳಿಸಿದೆ, ಮನೆಯವರೆಗೂ ಬಿಡಲಿಲ್ಲ. ದಾರಿಯುದ್ದಕ್ಕೂ ನನಗೆ ನಾಚಿಕೆಯಾಗುತ್ತಿತ್ತು.